ಬೀರುವಿನಲ್ಲಿದ್ದ ಮುಚ್ಚಳ

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕೂತಿದ್ದ ಹುಡುಗಿಗೆ ಕತೆ ಕೇಳುವ ಕಿವಿ. ತನ್ನ ಹಲ್ಲುನೋವು ಮರೆತೇಹೋಯಿತು. ಪಕ್ಕದಲ್ಲಿ ಮುದುಕ ಬಡಗಿಯೊಬ್ಬ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೇಲೆತ್ತಿ ಕೂತಿದ್ದ. ಅವನ ಮೊಣಕೈಗೆ ಅಂಗೈ ಆನಿಸಿ ಹಿಡಿದಿದ್ದವಳು ಮರದ ಕಾರ್ಖಾನೆಯ ಯಜಮಾನಿ.

“ಬೆರಳು ಉಳಿಯುತ್ತಂತೆ ಮಾವ. ಹೊಲಿಗೆ ಹಾಕ್ತಾರಂತೆ, ಅಷ್ಟೇ.”

“ನಂದೇ ತಪ್ಪು ಕಣವ್ವ. ಕಣ್ಣು ಎಲ್ಲೋ ಇತ್ತು.”

“ಕಣ್ಣು ಎಲ್ಲಾದ್ರೂ ಇರ್ಲಿ. ಕರೆಂಟ್ ಗರಗಸದ ಹಲ್ಲಿಗೆ ಹಾಕೋ ಮುಚ್ಚಳ ಎಲ್ಲಿತ್ತು?”

“ಬೀರುವಿನಲ್ಲಿ. ತಪಾಸಣೆಯೋರು ಬಂದಾಗ ಹಾಕೋಣ ಅಂತ ನೀನೇ ಇಟ್ಟಿದ್ದೆ.”

“ನೆಂಟರಿಗೆ ಅಂತ ಎತ್ತಿಟ್ಟ ಹೊಸ ಚಾಪೆ ಥರ!”

“ಹಾಕಿದ್ರೆ ಕೆಲಸ ನಿಧಾನ ಆಗ್ತಿತ್ತಲ್ಲ?”

“ಆಗ್ಬೇಕಿತ್ತು. ನಿಮ್ಮ ಕೈ ಕಾಯೋದು ನನ್ನ ಕೆಲಸ ಆಗಿತ್ತು. ಅಟ್ಟ ಮೇಲೆ ಒಲೆ ಉರೀತು.”

“ಅಳಬೇಡ. ಚಿಕ್ಕೋಳಿದ್ದಾಗ ನೀನು ಗರಗಸದ ಹತ್ರ ಬಂದ್ರೆ ಕಿವಿ ಹಿಂಡ್ತಿದ್ದೆ, ನೆನಪಿದ್ಯಾ?”

“ಕಿವಿ ಇನ್ನೂ ಉರೀತಿದೆ.”

“ತಗೋ, ಸಾಲ ತೀರಿಸ್ಕೋ,” ಎಂದು ಮುದುಕ ಕಿವಿ ಒಡ್ಡಿದ.

ಅವಳು ಹಿಂಡಲಿಲ್ಲ. ಫೋನ್ ತೆಗೆದು ಕಾರ್ಖಾನೆಗೆ ಹೇಳಿದಳು: “ಗರಗಸಕ್ಕೆ ಕರೆಂಟ್ ಕೊಡಬೇಡಿ. ನಾನೇ ಬಂದು ಮುಚ್ಚಳ ಕೂರಿಸ್ತೀನಿ.”

ಒಳಗಿಂದ ನರ್ಸ್ ಕರೆದಳು.

“ನೀನ್ಯಾಕೆ ಎದ್ದೆ? ನನಗೇನು ಭಯಾನಾ?”

“ಸೂಜಿ ಕಂಡ್ರೆ ಓಡೋರು ಯಾರು ಅಂತ ನನಗೆ ಗೊತ್ತಿಲ್ವಾ ಮಾವ?”

ಮುದುಕ ನಗುತ್ತ ಗಾಯವಿಲ್ಲದ ಕೈಯನ್ನು ಅವಳಿಗೆ ಕೊಟ್ಟ. ಇಬ್ಬರೂ ಒಳಗೆ ನಡೆದರು.