ಅಜ್ಜಿಯ ಅರ್ಧ ಸುತ್ತು

ಇದು ನಡೆದದ್ದು ನಮ್ಮ ಚಿಕ್ಕಪ್ಪನ ಮಗ ಯೋಗೀಶನಿಗೆ, ಹೋದ ಚಳಿಗಾಲದಲ್ಲಿ. ಸ್ವಲ್ಪ ಹತ್ತಿರ ಬನ್ನಿ... ಜೋರಾಗಿ ಹೇಳೋ ಕತೆಯಲ್ಲ ಇದು.

ತಿಪಟೂರಿನಿಂದ ತೆಂಗಿನ ನಾರಿನ ಹಾಸಿಗೆ ತುಂಬಿಕೊಂಡು ಊರೂರಿಗೆ ಮುಟ್ಟಿಸೋದು ಅವನ ಕೆಲಸ. ಊರಿಗೆಲ್ಲ ಹಾಸಿಗೆ ಹೊರುವವನಿಗೆ ತನ್ನ ಬೆನ್ನು ಚಾಚೋಕೆ ಮಾತ್ರ ಪುರುಸೊತ್ತಿಲ್ಲ. ಅವತ್ತು ಕೊಳ್ಳೇಗಾಲ ದಾಟಿ, ಕಾಡು ದಾಟಿ, ಬೆಟ್ಟದ ಮೇಲಿನ ಟಿಬೆಟಿನವರ ಊರಿಗೆ ಹೋಗಿದ್ದ. ಅಲ್ಲಿ ಬೌದ್ಧರ ಮಠಗಳಿವೆ. ಮಠದಲ್ಲಿ ಓದುವ ಹುಡುಗರಿಗೆ ಹಾಸಿಗೆ ಬೇಕಿತ್ತು. ಇಳಿಸಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಅಡುಗೆ ನೋಡಿಕೊಳ್ಳುವ ಸನ್ಯಾಸಿ ಊಟ ಹಾಕಿ, ದಾರಿಯಲ್ಲಿ ಆನೆ ಇರುತ್ತೆ, ಬೆಳಗ್ಗೆ ಹೋಗು ಅಂದ. ಗಾಡಿಯಲ್ಲೇ ಮಲಗೋಣ ಅಂತ ಯೋಗೀಶ ಹೊರಟ.

ಗಾಡಿ ನಿಂತಿದ್ದದ್ದು ಊರ ತುದಿಯಲ್ಲಿ, ಬಾವಿ ಹತ್ತಿರ. ಬಾವಿ ಪಕ್ಕದಲ್ಲೇ ಅವರ ಸ್ತೂಪ. ಸುಣ್ಣ ಬಳಿದ ಗೋಪುರ, ಸುತ್ತಲೂ ಪ್ರದಕ್ಷಿಣೆಗೆ ಕಲ್ಲು ಹಾಸಿದ ದಾರಿ. ಗಾಳಿಗೆ ಅದಕ್ಕೆ ಕಟ್ಟಿದ ಮಂತ್ರದ ಬಾವುಟಗಳು ಪಟ... ಪಟ... ಅಂತಿದ್ದವು. ನಡುವೆ ಇನ್ನೊಂದು ಸದ್ದು. ಚಪ್ಪಲಿ ಎಳೆಯುವ ಸರ್... ಸರ್... ಆಮೇಲೆ ಜಪಮಣಿಯ ಟಿಕ್.

ಅಜ್ಜಿಯೊಬ್ಬಳು ನಿಂತಿದ್ದಳು. ಉದ್ದನೆ ನಿಲುವಂಗಿ, ಸೊಂಟಕ್ಕೆ ಪಟ್ಟೆ ಪಟ್ಟೆ ಬಟ್ಟೆ.

"ಮಗಾ... ಕಾಲು ಬರಲ್ಲ. ಒಂದು ಸುತ್ತು... ಜೊತೆಗೆ ಬಾ."

ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಆದರೂ ಅಮ್ಮನಿಗಿಂತ ದೊಡ್ಡವಳು, ಇಲ್ಲ ಅನ್ನೋದು ಹೇಗೆ? ಮೊಣಕೈ ಚಾಚಿದ. ಹಿಡಿದಳು. ಕೈ ತಣ್ಣಗಿತ್ತು. ಈ ಚಳಿಯಲ್ಲಿ ಯಾರ ಕೈ ತಾನೇ ಬೆಚ್ಚಗಿರುತ್ತೆ ಅಂದುಕೊಂಡ.

ಅರ್ಧ ಸುತ್ತು ಆಯಿತು. ಅಲ್ಲಿ ಸ್ತೂಪದ ಬುಡದಿಂದ ಒಂದು ಕಲ್ಲಿನ ಕಾಲುವೆ ದಾರಿಗೆ ಅಡ್ಡ ಹಾದಿದೆ. ಮಳೆನೀರು ಹೋಗಲಿ ಅಂತ ಮಾಡಿದ್ದು, ಅಷ್ಟೇ. ಆದರೆ ಯೋಗೀಶನ ಕಾಲು ತಾನಾಗಿ ನಿಂತಿತು. ನಮ್ಮ ಕಡೆ ಗೊತ್ತಲ್ಲ, ಈಶ್ವರನ ಗುಡಿ ಸುತ್ತುವಾಗ ಅಭಿಷೇಕದ ನೀರು ಹೊರಬೀಳುವ ಜಾಗ ದಾಟುವಂತಿಲ್ಲ. ಅಲ್ಲಿಂದಲೇ ಹಿಂದಿರುಗಬೇಕು. ಅಪ್ಪನ ಬೆರಳು ಹಿಡಿದು ಕಲಿತ ಅಭ್ಯಾಸ. ಇದು ಈಶ್ವರನ ಗುಡಿಯಲ್ಲ ಅನ್ನೋದು ಆ ನಿದ್ದೆಗಣ್ಣಿಗೆ ಹೊಳೆಯಲೇ ಇಲ್ಲ.

"ಇಲ್ಲಿಗೆ ಸಾಕು ಕಣಜ್ಜಿ. ದಾಟಬಾರ್ದು" ಅಂದು ಬಂದ ದಾರಿಯಲ್ಲೇ ತಿರುಗಿದ.

ಅಜ್ಜಿಯೂ ತಿರುಗಿದಳು. ಜಪಮಣಿ ನಿಂತುಹೋಯಿತು. ಹೊರಟ ಜಾಗಕ್ಕೆ ಬಂದು ಪಕ್ಕಕ್ಕೆ ನೋಡಿದರೆ ಯಾರೂ ಇಲ್ಲ. ಮೊಣಕೈ ಮೇಲಿನ ಭಾರ ಮಾತ್ರ... ಹಾಗೇ ಇತ್ತು.

ಸುಸ್ತಿಗೆ ಹೀಗೆಲ್ಲ ಆಗುತ್ತೆ ಅಂತ ತನಗೆ ತಾನೇ ಹೇಳಿಕೊಂಡು, ಬೆಳಕು ಹರಿಯುತ್ತಲೇ ಗಾಡಿ ಬಿಟ್ಟ. ಬೆಟ್ಟ ಇಳಿಯುವಾಗ ಶುರುವಾಯಿತು. ಟಿಂಗ್... ಟಿಂಗ್... ಪಕ್ಕದ ಸೀಟಿನವರು ಬೆಲ್ಟ್ ಹಾಕದಿದ್ದರೆ ಹೊಡೆದುಕೊಳ್ಳುವ ಸದ್ದು. ಸೀಟು ಖಾಲಿ. ತನ್ನ ಬೆಲ್ಟ್ ಕಾಟ ಅವನಿಗಿರಲಿಲ್ಲ. ಗಾಡಿ ತಂದ ದಿನವೇ ಅದನ್ನು ಬೆನ್ನಹಿಂದೆ ಸಿಕ್ಕಿಸಿ ಅದರ ಬಾಯಿ ಮುಚ್ಚಿಸಿದ್ದ. ಈ ಸೀಟಿನದು ನಮ್ಮೂರು ತುರುವೇಕೆರೆವರೆಗೂ ನಿಲ್ಲಲಿಲ್ಲ. ಮೆಕ್ಯಾನಿಕ್ ಬಿಚ್ಚಿ ನೋಡಿ, ಎಲ್ಲ ಸರಿಯಾಗೇ ಇದೆ ಅಂದ.

ಮನೆಗೆ ಬಂದರೂ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಮಂಚದ ಪಕ್ಕ ಸರ್... ಸರ್... ಅರ್ಧ ಕೋಣೆ ನಡೆದು ನಿಲ್ಲುವುದು. ಮತ್ತೆ ಹಿಂದಕ್ಕೆ. ರಾತ್ರಿಯೆಲ್ಲ ಅದೇ. ಹಗಲು ಅದೇ ಕಣ್ಣಲ್ಲಿ ಗಾಡಿ ಓಡಿಸಬೇಕು. ಒಂದು ದಿನ ಕೆರೆ ಏರಿ ಮೇಲೆ ತೂಕಡಿಸಿ, ಚಕ್ರ ಅಂಚಿಗೆ ಬಂದು ನಿಂತಿತ್ತು. ಅದು ಕಿವಿಗೆ ಬಿದ್ದ ರಾತ್ರಿ ಅವನ ಅಮ್ಮ, ನಮ್ಮ ದ್ರಾಕ್ಷಾಯಣಮ್ಮ ಚಿಕ್ಕಮ್ಮ, ಮಂಚದ ಹತ್ತಿರ ಬಂದು ಕೂತಳು. ಸ್ವಲ್ಪ ಹೊತ್ತು ಕಿವಿಗೊಟ್ಟಳು.

"ಯಾರ್ನ ಕರ್ಕಂಡ್ ಬಂದಿದ್ದೀಯಲಾ?"

ಎಲ್ಲ ಹೇಳಿದ. ಚಿಕ್ಕಮ್ಮ ಬೈಯಲಿಲ್ಲ.

"ನಡೆಸ್ತೀನಿ ಅಂತ ಹೋಗಿ ನಡುದಾರೀಲಿ ತಿರುಗಿಸ್ಬುಟ್ಟಿದ್ದೀಯ. ವಾಪಸ್ ಕರ್ಕಂಡ್ ಹೋಗಿ ಪೂರ್ತಿ ಮಾಡ್ಸು. ಹಿಂಗೇ ನಿದ್ದೆಗೆಟ್ಟು ಓಡಾಡಿ ನಿನಗೇನಾರ ಆದ್ರೆ... ನಾನೇನ್ಲಾ ಮಾಡ್ಲಿ?"

ಮಾರನೇ ದಿನ ಖಾಲಿ ಗಾಡಿ ತೆಗೆದ. ಟಿಂಗ್... ಟಿಂಗ್... ಯೋಗೀಶ ಕೈ ಚಾಚಿ, ಖಾಲಿ ಸೀಟಿನ ಮೇಲೆ ಬೆಲ್ಟ್ ಎಳೆದು ಸಿಕ್ಕಿಸಿದ. ಸದ್ದು ನಿಂತಿತು. ಆ ದಾರಿಯುದ್ದಕ್ಕೂ ಪಕ್ಕಕ್ಕೆ ತಿರುಗಿ ನೋಡಲಿಲ್ಲವಂತೆ.

ಬೆಟ್ಟ ಹತ್ತಿದಾಗ ಮುಚ್ಚಂಜೆ. ಅಡುಗೆಯ ಸನ್ಯಾಸಿಗೆ ಅಜ್ಜಿಯ ಗುರುತು ಹೇಳಿ ಕೇಳಿದ. ಇದ್ದಳು, ದಿನಾ ಸುತ್ತುತ್ತಿದ್ದಳು ಅಂದ. ಮಳೆಗಾಲದಲ್ಲಿ ಒಂದು ದಿನ ಕಾಲುವೆ ಹತ್ತಿರ ಕೂತವಳು ಏಳಲಿಲ್ಲ. ಆ ಸುತ್ತು ಅಲ್ಲಿಗೇ ನಿಂತಿತು ಅಂತ ಹೇಳಿ ಚಹಾ ಕದಡುತ್ತಾ ಒಳಗೆ ಹೋದ.

ಯೋಗೀಶ ಎಡಪಕ್ಕದ ಬಾಗಿಲು ತೆಗೆದ. ಬೆಲ್ಟ್ ಬಿಚ್ಚಿದ. ಮೊಣಕೈ ಚಾಚಿದ. ಭಾರ ಬಂತು.

ಅರ್ಧ ಸುತ್ತು ನಡೆದು ಕಾಲುವೆ ಹತ್ತಿರ ನಿಂತ. ಹುಟ್ಟಿದಾಗಿನಿಂದ ದಾಟದೇ ಇದ್ದದ್ದು.

"ಶಿವನೇ... ತಪ್ಪಾದ್ರೆ ಹೊಟ್ಟೆಗ್ ಹಾಕ್ಕಳಪ್ಪ" ಅಂದು ದಾಟಿದ.

ಟಿಕ್.

ಜಪಮಣಿ ಮುಂದಕ್ಕೆ ಸರಿಯಿತು. ಸರ್... ಟಿಕ್... ಸರ್... ಟಿಕ್... ಉಳಿದರ್ಧ ಮುಗಿಸಿ ಹೊರಟ ಜಾಗಕ್ಕೆ ಬಂದಾಗ ಮೊಣಕೈ ಹಗುರಾಯಿತು. ಬಾವುಟಗಳ ಸದ್ದೊಂದೇ ಉಳಿಯಿತು. ಯಾಕೋ ಅಳು ಬಂತಂತೆ ಅವನಿಗೆ. ಗಾಡಿ ಹತ್ತಿ, ಒಳಗಿಂದ ಲಾಕ್ ಮಾಡಿಕೊಂಡು, ಸ್ಟೀರಿಂಗ್ ಮುಂದೆ ಕೂತಲ್ಲೇ ನಿದ್ದೆಹೋದ. ಎಷ್ಟೋ ದಿನದ ನಿದ್ದೆ.

ಎದ್ದಾಗ ಬಿಸಿಲೇರಿತ್ತು. ಮೈ ಹಗುರವಾಗಿತ್ತು. ಇಳಿಯೋಣ ಅಂತ ಬಾಗಿಲು ತೆಗೆದು ಏಳಲು ಹೋದರೆ... ಏಳಲಾಗಲಿಲ್ಲ.

ಸುಳ್ಳು ಹೇಳಿ ನನಗೇನಾಗಬೇಕು? ಯೋಗೀಶ ಇಲ್ಲೇ ಇದ್ದಾನೆ, ನಾಳೆ ನೀವೇ ಕೇಳಿ. ಅವನು ಯಾವತ್ತೂ ಬೆಲ್ಟ್ ಹಾಕಿದವನಲ್ಲ. ಬೆನ್ನಹಿಂದೆ ಸಿಕ್ಕಿಸಿದ್ದ ಅವನ ಬೆಲ್ಟ್ ಅವತ್ತು ಬೆಳಗ್ಗೆ ಎದೆಮೇಲಿತ್ತು, ಗಟ್ಟಿಯಾಗಿ ಹಾಕಿತ್ತು.