ಮುಚ್ಚಳದ ಹನಿ

ಜಪಾನ್ ದೇಶದ ಕಡಲ ದಂಡೆಯ ಒಂದೂರಲ್ಲಿ ಒಬ್ಬ ಶ್ರೀಮಂತೆ ಇದ್ದಳು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಮಂದಿ, ‘ಸ್ವಾಮಿಗಳು ನಮ್ಮತ್ತೆ ಕಥೇನೇ ಹೇಳಿಬಿಟ್ಟರು’ ಅನ್ನುತ್ತೀರಿ. ಅವಳದು ದಾಂಗೊ ಅಂಗಡಿ. ದಾಂಗೊ ಅಂದರೆ ಅಕ್ಕಿಹಿಟ್ಟಿನ ಪುಟ್ಟ ಉಂಡೆ. ಬೇಯಿಸಿ, ಮೂರು ಮೂರನ್ನು ಬಿದಿರು ಕಡ್ಡಿಗೆ ಚುಚ್ಚಿ, ಸಿಹಿ ಪಾಕ ಸವರಿ ಕೊಡುತ್ತಾರೆ. ಎಷ್ಟು ಮೆತ್ತಗೆ ಗೊತ್ತೇ? ಅದನ್ನು ತಿನ್ನಲು ಹಲ್ಲಿಲ್ಲದ ಅಜ್ಜಂದಿರು ಏಳು ಬೆಟ್ಟ ದಾಟಿ ಬರುತ್ತಿದ್ದರು. ಏಳಲ್ಲ, ಹದಿನೇಳು! ನಗಬೇಡಿ, ಬೆಟ್ಟಗಳನ್ನು ಎಣಿಸಿದವನು ನಾನೇ.

ದಿನಕ್ಕೆ ಸಾವಿರ ಉಂಡೆ ಕಟ್ಟುತ್ತಿದ್ದವಳು ಸೊಸೆ. ಅವಳ ಬಾಯಿಗೆ ಒಂದಾದರೂ ಬಿತ್ತೇ? ಇಲ್ಲ. “ಅದು ಮಾರೋ ಸರಕು ಕಣೇ, ಮೆಲ್ಲೋದಕ್ಕಲ್ಲ!” ಎನ್ನುತ್ತಿದ್ದಳು ಅತ್ತೆ.

ಮಗ ಹಡಗು ಹತ್ತಿ ಉತ್ತರದ ದ್ವೀಪಕ್ಕೆ ಹೋದ. ನಲವತ್ತು ದಿನದಲ್ಲಿ ಬರಬೇಕು. ಆ ದೇಶದಲ್ಲೊಂದು ಪದ್ಧತಿಯಿದೆ, ನೋಡಿ. ಪ್ರಯಾಣಕ್ಕೆ ಹೋದವನ ಹೆಸರಲ್ಲಿ ಮನೆಯಲ್ಲಿ ದಿನವೂ ಎಡೆ ಬಡಿಸುತ್ತಾರೆ. ಅನ್ನ, ಮುಚ್ಚಿದ ಬಟ್ಟಲಲ್ಲಿ ಬಿಸಿ ಸಾರು, ಅವನಿಗೆ ಪ್ರಿಯವಾದ ತಿಂಡಿ. ಆಮೇಲೆ ಮುಚ್ಚಳ ತೆಗೆದು ನೋಡುತ್ತಾರೆ. ಒಳಗೆ ನೀರಹನಿ ಕಟ್ಟಿದ್ದರೆ ಅವನು ಕ್ಷೇಮ. ಒಣಗಿದ್ದರೆ? ಆ ಮಾತನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸೊಸೆ ಎಡೆ ಇಡುವಳು. ಅತ್ತೆ ದೇವರಿಗೆ ಕೈಮುಗಿದು ಬಂದು ಮುಚ್ಚಳ ತೆಗೆಯುವಳು. ಹನಿ! ಅರವತ್ತು ದಿನವಾಯಿತು, ಹನಿ. ಎಪ್ಪತ್ತಾಯಿತು, ಹನಿ. ಹಡಗಿನ ಸುದ್ದಿಯೇ ಇಲ್ಲ. ಆದರೂ ಅತ್ತೆ ಹೊಟ್ಟೆತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. “ನನ್ನ ಮಗ ಗಟ್ಟಿಗ. ನೀನ್ಯಾಕೆ ಹಿಂಗೆ ಕಡ್ಡಿಯಾಗ್ತಿದ್ದೀಯ? ಗಿರಾಕಿಗಳು ನಮ್ಮನೇಲಿ ಅನ್ನ ಇಲ್ಲ ಅಂದ್ಕೋತಾರೆ!” ಎಂದು ಸೊಸೆಯನ್ನು ಚುಚ್ಚಿದಳು.

ಎಂಬತ್ತನೆಯ ದಿನ. ಕಡಲೇ ಹೆಪ್ಪುಗಟ್ಟಿ ಅಲೆಗಳು ಎದ್ದಲ್ಲೇ ನಿಂತುಬಿಟ್ಟಂಥ ಚಳಿ. ದೇವರ ಮುಂದೆ ಕೂರಲಾಗದೆ ಅತ್ತೆ ಒಲೆಯ ಬಿಸಿಗೆಂದು ಅಡುಗೆಮನೆಗೆ ಬಂದಳು, ಬಾಗಿಲಲ್ಲೇ ನಿಂತಳು. ಸೊಸೆ ಎಡೆಯ ಬಟ್ಟಲನ್ನು ಒಳಕ್ಕೆ ತಂದಿದ್ದಾಳೆ. ಮುಚ್ಚಳ ಎತ್ತಿದಳು. ಒಣಗಿದೆ. ತಣ್ಣಗಾದ ಸಾರು ಚೆಲ್ಲಿ, ಕುದಿಯುವ ಸಾರು ತುಂಬಿ, ಮುಚ್ಚಿ, ಆ ಮುಚ್ಚಳಕ್ಕೆ ಹಣೆ ಹಚ್ಚಿ ಸದ್ದಿಲ್ಲದೆ ಅಳುತ್ತಿದ್ದಾಳೆ.

“ಎಷ್ಟು ದಿನದಿಂದ?” ಅತ್ತೆ ಕೇಳಿದಳು.

ಸೊಸೆ ಬೆಚ್ಚಿಬಿದ್ದಳು. “ನಲವತ್ತೊಂದನೇ ದಿನದಿಂದ, ಅತ್ತೆ. ಹನಿ ಕಾಣದಿದ್ರೆ ನೀವು ಅನ್ನ ಬಿಡ್ತಿದ್ರಿ.”

ಕೇಳಿದಿರಾ? ಭಯ ಇಬ್ಬರದು, ಹೊತ್ತವಳು ಒಬ್ಬಳು. ನಲವತ್ತು ದಿನ! ಅತ್ತೆಗೆ ಸಿಟ್ಟು ಬರಬೇಕಿತ್ತು; ಬರಲಿಲ್ಲ. ಮಗನಿಗಾಗಿ ಎದೆ ಒಡೆಯುತ್ತಿತ್ತು. ಆದರೆ ಕಣ್ಣು ಮಾತ್ರ ಸೊಸೆಯ ಸವೆದ ಬೆರಳುಗಳ ಮೇಲಿಂದ ಏಳಲಿಲ್ಲ. ಅತ್ತೆ ಇನ್ನೊಂದು ಮಣೆ ಹಾಕಿದಳು. ಸೊಸೆಯನ್ನು ಕೂರಿಸಿ ಅನ್ನ ಬಡಿಸಿದಳು, ಸಾರು ಹಾಕಿ ಮುಚ್ಚಿದಳು, ಎಡೆಯ ದಾಂಗೊವನ್ನೇ ತಂದು ಪಕ್ಕದಲ್ಲಿಟ್ಟಳು.

“ಅಯ್ಯೋ, ಅದು ಮಾರೋದು ಅತ್ತೆ…”

“ಸುಮ್ನಿರೇ. ಮುಚ್ಚಳ ತೆಗಿ.”

ತೆಗೆದಳು. ಒಳಗೆಲ್ಲ ಹನಿ ಹನಿ. ಅತ್ತೆ ಅದನ್ನು ಬೆರಳಿಂದ ಮುಟ್ಟಿ ನೋಡಿ, “ಇವಳೊಬ್ಬಳು ಕ್ಷೇಮವಾಗಿದ್ದಾಳೆ, ದೇವರೇ. ಇವಳನ್ನಾದರೂ ನಾನು ನೋಡಿಕೊಳ್ತೀನಿ” ಎಂದಳು. ಅಂದು ಇಬ್ಬರೂ ಒಟ್ಟಿಗೆ ಉಂಡರು, ಒಟ್ಟಿಗೆ ಅತ್ತರು.

ಮಗ ಬಂದನೇ? ನನಗೆ ಗೊತ್ತು, ನೀವು ಕೇಳುತ್ತೀರಿ. ಬಂದ, ನೂರನೆಯ ದಿನ, ಮೊಣಕಾಲುದ್ದ ಗಡ್ಡ ಬಿಟ್ಟುಕೊಂಡು. ಆದರೆ ಅವನು ಬಾರದಿದ್ದರೂ ಆ ಮನೆಯಲ್ಲಿ ಇನ್ನು ಯಾರೂ ಒಬ್ಬಂಟಿಯಾಗಿ ಅಳುತ್ತಿರಲಿಲ್ಲ.

ಈಗ ನಿಮ್ಮ ಸರದಿ. ದೂರದವರಿಗೆ ಫೋನು ಮಾಡಿ ‘ಊಟ ಆಯ್ತಾ’ ಅಂತ ಕೇಳುತ್ತೀರಿ. ಕೇಳಿ, ಬೇಡವೆನ್ನುವುದಿಲ್ಲ. ಪಕ್ಕದಲ್ಲೇ ಸೌಟು ಹಿಡಿದು ನಿಂತವಳನ್ನು ಎಂದಾದರೂ ಕೇಳಿದ್ದೀರಾ? ‘ಎಲ್ಲ ಚೆನ್ನಾಗಿದೆ’ ಅಂತ ನಿಮಗೆ ದಿನಾ ಹೇಳುವವರು, ಹಾಗೆ ಹೇಳುವ ಮುಂಚೆ ಎಲ್ಲಿ ಕಣ್ಣೊರೆಸಿಕೊಂಡು ಬಂದರು, ನೋಡಿದ್ದೀರಾ? ನಾಳೆಯಿಂದ ಮನೆಯಲ್ಲಿ ಬಡಿಸುವವರನ್ನು ಬಿಟ್ಟು ಉಣ್ಣಬೇಡಿ. ನಾಳೆಯವರೆಗೂ ಏಕೆ? ಈಗ ಪ್ರಸಾದದ ಪಂಕ್ತಿ ಇದೆ. ಮುಂಜಾನೆಯಿಂದ ಬೇಯಿಸಿದವರು ಅಗೋ, ಕಂಬದ ಹಿಂದೆ ನಿಂತಿದ್ದಾರೆ. ಮೊದಲ ಸಾಲಲ್ಲಿ ಅವರನ್ನು ಕೂರಿಸಿ. ಬಕೆಟ್ಟು ನೀವು ಹಿಡಿಯಿರಿ. ಏಳಿ.