ಚಂದ್ರಲೋಕದ ಮುಸುರೆ

ಹುಣಸೂರು ಬಸ್ ನಿಲ್ದಾಣದಲ್ಲಿ ಅತ್ತೆ ಸೊಸೆ ನನ್ನ ಪಕ್ಕ ಕೂತು ಮೊಬೈಲ್ ನೋಡುತ್ತಿದ್ದರು. ಚಂದ್ರನ ಮೇಲೆ ಬದುಕುವುದನ್ನು ಕಲಿಯಲೆಂದು ತಿಂಗಳಿನಿಂದ ವಿಜ್ಞಾನಿಗಳ ತರಬೇತಿಯ ಮುಚ್ಚಿದ ಕೋಣೆಯಲ್ಲಿದ್ದ ಸೊಸೆಯ ಗಂಡ, ವಿಡಿಯೊದಲ್ಲಿ ತಟ್ಟೆ ತೊಳೆಯುತ್ತಿದ್ದ.

"ಅಯ್ಯೋ, ನಮ್ ಯತೀಶನ ಕೈಲಿ ಮುಸುರೆ ತೊಳ್ಸವ್ರಲ್ಲೇ!" ಎಂದರು ಅತ್ತೆ.

"ನೆಲಾನೂ ಒರೆಸವ್ರೆ, ನೋಡಿ."

"ಅದ್ಕೆ ಆಳಿಲ್ವಾ?"

"ಚಂದ್ರನ ಮ್ಯಾಲೆ ಆಳು ಎಲ್ಲಿಂದ ಬತ್ತದೆ? ಇದೇನ್ ದೊಡ್ಡ ವಿದ್ಯೆ ಅಂತ ತಿಂಗ್ಳು ಕಲ್ತ್ರೋ!"

"ಪಾಪ, ಸೊರಗೋಗವ್ನೆ. ನಾಳೆ ಬಂದೇಟ್ಗೆ ಬಾಡು ಮಾಡಾಣ."

"ಮಾಡಾಣ. ಉಂಡ ತಟ್ಟೇಲೇ ಕೈತೊಳ್ದು ಎದ್ದೋಯ್ತಾರೆ. ಎತ್ತೋಳು ನಾನು."

"ಮನೇಲಿ ಗಂಡಸ್ರು ಮುಸುರೆ ಮುಟ್ತಾರೇನೇ? ಅದು ಚಂದ್ರಲೋಕದ ಕೆಲ್ಸ ಕಣೇ, ಅಲ್ಲಿಗಾಯ್ತು ಬುಡು."

ಬಸ್ ಬಂತು. ಸೊಸೆ ಚೀಲ ಎತ್ತಿಕೊಂಡಳು.

"ಅಂಗಾದ್ರೆ ಮುಸುರೆ ತೊಳ್ಯೋ ನಮ್ಮ ಹಿತ್ಲನ್ನೂ ಚಂದ್ರಲೋಕ ಅಂದ್ಕಳ್ಲಿ ಬುಡಿ. ನಾಳೆಯಿಂದ ನಾನಂತೂ ಆ ತಟ್ಟೆ ಎತ್ತಕಿಲ್ಲ, ಅತ್ತೆ."